ರಸ್ತೆಯಲ್ಲಿ ಅಪಾಯಕಾರಿ ರಾಸಾಯನಿಕಗಳ ಸಗಟು ಸಾಗಣೆ

ಉರಿಯುವ, ಸ್ಫೋಟಿಸುವ, ಮೈ ಸುಡುವ ಇಲ್ಲವೇ ಉಸಿರುಗಟ್ಟಿಸುವ ದ್ರವ ಮತ್ತು ಅನಿಲಗಳನ್ನು ಪೀಪಾಯಿ, ಸಿಲಿಂಡರುಗಳಲ್ಲಿ ಬಿಡಿಯಾಗಿ ತುಂಬದೆ, ವಾಹನದ ಮೇಲೇ ಕೂರಿಸಿದ ಟ್ಯಾಂಕಿನಲ್ಲಿ ಟನ್‌ಗಟ್ಟಲೆ ಸಾಗಿಸುವ ವ್ಯವಸ್ಥೆಯೇ ಸಗಟು ಸಾಗಣೆ. ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ, ಗಂಧಕಾಮ್ಲ, ಹೈಡ್ರೋಕ್ಲೋರಿಕ್ ಆಮ್ಲ, ಕಾಸ್ಟಿಕ್ ಸೋಡಾ ದ್ರಾವಣ, ಅಮೋನಿಯ, ಮೆಥನಾಲ್, ಎಥೆನಾಲ್, ಬೆಂಜೀನ್, ಸ್ಟೈರೀನ್ ಇವೆಲ್ಲ ಭಾರತದ ಹೆದ್ದಾರಿಗಳಲ್ಲಿ ಹಗಲಿರುಳು ಓಡಾಡುವ ಸರಕುಗಳು. ಕ್ಲೋರಿನ್ ಮಾತ್ರ ಹೆಚ್ಚಾಗಿ 900 ಕೆ.ಜಿ. ಹಿಡಿಯುವ ‘ಟನ್ನರ್’ ಎಂಬ ಉರುಳೆಗಳಲ್ಲಿ ಲಾರಿ ಏರುತ್ತದೆ.

ರಾಸಾಯನಿಕಗಳನ್ನು ತಯಾರಿಸುವ ಊರುಗಳು ಕೆಲವೇ, ಬಳಸುವ ಊರುಗಳು ನೂರಾರು; ಸಾಗಣೆಯ ಮೂಲ ಇದೇ. ಗುಜರಾತಿನ ದಹೇಜ್, ಅಂಕಲೇಶ್ವರ, ವಾಪಿಗಳಲ್ಲಿ ತಯಾರಾದದ್ದು, ಕಾಂಡ್ಲಾ ಮತ್ತು ಮುಂಬಯಿ ಬಂದರುಗಳಲ್ಲಿ ಹಡಗಿನಿಂದ ಇಳಿದದ್ದು ಹೈದರಾಬಾದಿನ ಔಷಧ ಕಾರ್ಖಾನೆಗಳಿಗೆ, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶಕ್ಕೆ, ತಮಿಳುನಾಡಿನ ಬಣ್ಣದ ಘಟಕಗಳಿಗೆ ಹೋಗಬೇಕು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಎಥೆನಾಲ್ ಪೆಟ್ರೋಲಿಗೆ ಬೆರೆಯಲು ತೈಲ ಡಿಪೋಗಳನ್ನು ಸೇರಬೇಕು. ರೈಲಿನ ಟ್ಯಾಂಕ್ ವ್ಯಾಗನ್ನುಗಳು ದೊಡ್ಡ ಮೊತ್ತವನ್ನು ಅಗ್ಗವಾಗಿ ಒಯ್ಯುತ್ತವೆ ನಿಜ, ಆದರೆ ಇಪ್ಪತ್ತು ಟನ್ ಬೇಕಾದ ಕಾರ್ಖಾನೆಯ ಬಾಗಿಲಿಗೆ ರೈಲು ಬರುವುದಿಲ್ಲ.

ಕಾರ್ಖಾನೆಯೊಳಗಿನ ಟ್ಯಾಂಕಿಗೆ ಕಾಂಪೌಂಡು, ಸುರಕ್ಷತಾ ಅಂತರ, ನೀರಿನ ಜಾಲ, ಸೈರನ್ನು, ತರಬೇತಾದ ಸಿಬ್ಬಂದಿ ಎಲ್ಲ ಇರುತ್ತವೆ. ಗೇಟು ದಾಟಿದ ಟ್ಯಾಂಕರಿಗೆ ಉಳಿಯುವುದು ಒಬ್ಬ ಚಾಲಕ, ಒಬ್ಬ ಕ್ಲೀನರ್, ಎರಡು ಅಗ್ನಿಶಾಮಕ ಸಿಲಿಂಡರು, ಒಂದು ಕಡತ. ದುಂಡನೆಯ ಒತ್ತಡದ ಟ್ಯಾಂಕು ಹೊತ್ತ ಒಂದು ‘ಬುಲೆಟ್’ ಟ್ಯಾಂಕರಿನಲ್ಲಿ ಸುಮಾರು 18 ಟನ್ ಅಡುಗೆ ಅನಿಲ ಇರುತ್ತದೆ. ಮನೆಬಳಕೆಯ 14.2 ಕೆ.ಜಿ. ಸಿಲಿಂಡರಿನ ಲೆಕ್ಕದಲ್ಲಿ ಅದು 1,250ಕ್ಕೂ ಹೆಚ್ಚು. ಇಷ್ಟನ್ನು ಒಂದು ಗೋದಾಮಿನಲ್ಲಿ ಇಡಬೇಕಾದರೆ ಹತ್ತಾರು ಪರವಾನಗಿ ಬೇಕು. ಅದೇ ಮೊತ್ತ ಶಾಲೆಯ ಗೇಟಿನ ಮುಂದೆ, ಸಂತೆಯ ನಡುವೆ, ಮನೆಯಂಗಳದಿಂದ ಹತ್ತು ಅಡಿ ದೂರದಲ್ಲಿ ದಿನವೂ ಹಾದುಹೋಗುತ್ತದೆ. ಅದರ ಅರಿವೆಲ್ಲ ತುಂಬಿ ಕಳಿಸಿದವರ ಬಳಿ ಉಳಿಯುತ್ತದೆ, ಅಪಾಯವಷ್ಟೇ ರಸ್ತೆಗೆ ಬರುತ್ತದೆ. ಈ ಕ್ಷೇತ್ರದ ಕಾನೂನು, ಎಂಜಿನಿಯರಿಂಗ್, ತರಬೇತಿ ಎಲ್ಲವೂ ಈ ಅಂತರವನ್ನು ತುಂಬಲು ಹೆಣಗುತ್ತಿವೆ.

ಸರಕಿನ ಸ್ವಭಾವ

ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ಅಪಾಯಕಾರಿ ಸರಕುಗಳಿಗೆ 9 ವರ್ಗಗಳಿವೆ. ಸ್ಫೋಟಕ, ಅನಿಲ, ಉರಿಯುವ ದ್ರವ, ವಿಷ, ವಿಕಿರಣಶೀಲ, ಕೊರೆಯುವ ವಸ್ತು ಇತ್ಯಾದಿ. ಪ್ರತಿ ವಸ್ತುವಿಗೂ ನಾಲ್ಕಂಕಿಯ ಒಂದು ಸಂಖ್ಯೆ ಉಂಟು: ಪೆಟ್ರೋಲಿಗೆ 1203, ಡೀಸೆಲಿಗೆ 1202, ಅಮೋನಿಯಕ್ಕೆ 1005, ಕ್ಲೋರಿನ್‌ಗೆ 1017, ಗಂಧಕಾಮ್ಲಕ್ಕೆ 1830. ವರ್ಗೀಕರಣವನ್ನು ಬಾಯಿಪಾಠ ಮಾಡುವುದಕ್ಕಿಂತ, ಅಪಘಾತವಾದಾಗ ಒಂದೊಂದು ಸರಕೂ ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿಯುವುದು ಮುಖ್ಯ.

ಅಡುಗೆ ಅನಿಲ ಒತ್ತಡದಲ್ಲಿ ದ್ರವವಾಗಿ ಕುಳಿತಿರುತ್ತದೆ. ಹೊರಬಿದ್ದ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮೇಲೇರಿ ಚದುರದೆ ಚರಂಡಿ, ಗದ್ದೆಬದು, ಮನೆಯ ಹೊಸ್ತಿಲು ಹುಡುಕಿಕೊಂಡು ನೆಲದ ಮೇಲೇ ಹರಿಯುತ್ತದೆ. ಗಾಳಿಯಲ್ಲಿ ಶೇ 2ರಷ್ಟು ಸೇರಿದರೆ ಸಾಕು, ಒಲೆಯ ಕಿಡಿಗೋ ಬೈಕಿನ ಸ್ಟಾರ್ಟಿಗೋ ಕಾಯುತ್ತಿರುತ್ತದೆ. ಹೊತ್ತಿದ ಬೆಂಕಿ ಟ್ಯಾಂಕನ್ನೇ ನೆಕ್ಕತೊಡಗಿದರೆ ಇನ್ನೊಂದು ಅಪಾಯ. ಒಳಗೆ ದ್ರವ ಇರುವ ಕಡೆ ಉಕ್ಕಿನ ತಗಡು ಅಷ್ಟಾಗಿ ಬಿಸಿಯಾಗುವುದಿಲ್ಲ. ದ್ರವದ ಮಟ್ಟಕ್ಕಿಂತ ಮೇಲಿನ ಬರಿದಾದ ಭಾಗ ಕೆಂಪೇರಿ ಮೆತ್ತಗಾಗಿ ಒಡೆದುಕೊಳ್ಳುತ್ತದೆ. ಆಗ ಕುದಿಯುವ ದ್ರವವೆಲ್ಲ ಒಂದೇ ಕ್ಷಣದಲ್ಲಿ ಅನಿಲವಾಗಿ ಬೆಂಕಿಯ ಉಂಡೆಯಾಗುತ್ತದೆ. ಆದ್ದರಿಂದ ಸೋರಿಕೆಯನ್ನೇ ನಿಲ್ಲಿಸಲಾಗದಿದ್ದರೆ ಉರಿಯುವ ಜ್ವಾಲೆಯನ್ನು ಆರಿಸಬಾರದು, ಟ್ಯಾಂಕಿನ ಮೈಗೆ ನೀರು ಹಾಯಿಸುತ್ತಿರಬೇಕು. ಜ್ವಾಲೆ ಆರಿಸಿದರೆ ಅನಿಲ ಉರಿಯದೆ ಊರಿನೊಳಕ್ಕೆ ಹರಡುತ್ತದೆ.

ಅಮೋನಿಯ ಸೋರಿದರೆ ನೀರಿನ ತುಂತುರು ನೆರವಿಗೆ ಬರುತ್ತದೆ, ಏಕೆಂದರೆ ಅದು ನೀರಿನಲ್ಲಿ ಬೇಗ ಕರಗುತ್ತದೆ. ಕ್ಲೋರಿನ್ ಸೋರುವ ತೂತಿಗೆ ಮಾತ್ರ ನೀರು ಬಿಡಬಾರದು. ನೀರು ಸೇರಿದ ಕ್ಲೋರಿನ್ ಆಮ್ಲವಾಗಿ ಉಕ್ಕನ್ನೇ ತಿಂದು ತೂತನ್ನು ದೊಡ್ಡದು ಮಾಡುತ್ತದೆ. ಸಾಂದ್ರ ಗಂಧಕಾಮ್ಲದ ಮೇಲೆ ಸ್ವಲ್ಪ ನೀರು ಚೆಲ್ಲಿದರೆ ಕುದಿದು ಎರಚುತ್ತದೆ. ಪೆಟ್ರೋಲಿನ ಬೆಂಕಿಗೆ ನೊರೆ ಬೇಕು. ಎಥೆನಾಲಿನ ಬೆಂಕಿಗೆ ಆ ಮಾಮೂಲಿ ನೊರೆಯೂ ನಿಲ್ಲುವುದಿಲ್ಲ, ಮದ್ಯಸಾರ ಅದನ್ನು ಕರಗಿಸಿಬಿಡುತ್ತದೆ; ಅದಕ್ಕೆಂದೇ ಬೇರೆ ಬಗೆಯ ನೊರೆ ಇದೆ. ಹೊರಗಿನಿಂದ ನೋಡಿದರೆ ಇವೆಲ್ಲವೂ ಉರುಳಿಬಿದ್ದ ಒಂದೇ ತೆರನ ಟ್ಯಾಂಕರುಗಳು. ಮೊದಲು ಓಡಿಬಂದವರು ಬಕೆಟ್ಟು ಹಿಡಿದೇ ಬರುತ್ತಾರೆ.

ಟ್ಯಾಂಕಿನ ರಚನೆ

ಸರಕಿಗೆ ತಕ್ಕ ಲೋಹ ಮೊದಲ ಮಾತು. ಶೇ 98ರ ಗಂಧಕಾಮ್ಲಕ್ಕೆ ಸಾಮಾನ್ಯ ಉಕ್ಕು ನಡೆಯುತ್ತದೆ; ಹೈಡ್ರೋಕ್ಲೋರಿಕ್ ಆಮ್ಲಕ್ಕೆ ರಬ್ಬರಿನ ಒಳಪದರ ಇಲ್ಲವೇ ಫೈಬರ್ ಟ್ಯಾಂಕು ಬೇಕು. ಗಂಧಕಾಮ್ಲ ನೀರಿಗಿಂತ 1.8 ಪಟ್ಟು ತೂಕದ್ದು. ಹಾಗಾಗಿ ಅದರ ಟ್ಯಾಂಕು ಡೀಸೆಲಿನದಕ್ಕಿಂತ ಗಿಡ್ಡ. ಡೀಸೆಲ್ ಟ್ಯಾಂಕಿಗೆ ಆಮ್ಲವನ್ನು ಕುತ್ತಿಗೆಮಟ್ಟ ತುಂಬಿದರೆ ಅಚ್ಚು ಉಳಿಯುವುದಿಲ್ಲ, ಅರ್ಧ ತುಂಬಿದರೆ ಬೇರೆ ತೊಂದರೆ. ಅರೆತುಂಬಿದ ದ್ರವ ಬ್ರೇಕು ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ಲಾರಿ ನಿಂತ ಮೇಲೂ ಒಳಗಿನ ಅಲೆ ಅದನ್ನು ತಳ್ಳುತ್ತಿರುತ್ತದೆ. ಇದನ್ನು ತಡೆಯಲು ಟ್ಯಾಂಕಿನೊಳಗೆ ತೂತುಳ್ಳ ಅಡ್ಡ ತಗಡುಗಳನ್ನು ಹಾಕುತ್ತಾರೆ. ಅವು ಹಿಂದುಮುಂದಿನ ಅಲೆಯನ್ನು ಒಡೆಯುತ್ತವೆಯೇ ಹೊರತು ಪಕ್ಕದ ವಾಲಾಟವನ್ನು ಅಷ್ಟಾಗಿ ತಡೆಯಲಾರವು. ಶಿರಾಡಿ ಘಾಟಿಯಂಥ ತಿರುವುಗಳಲ್ಲಿ ಟ್ಯಾಂಕರುಗಳು ಪಕ್ಕಕ್ಕೆ ಮಗುಚಲು ಇದೂ ಒಂದು ಕಾರಣ. ದುಂಡನೆಯ ಒತ್ತಡದ ಟ್ಯಾಂಕಿನ ಭಾರಕೇಂದ್ರ ಎತ್ತರದಲ್ಲಿರುವುದು ಇನ್ನೊಂದು.

ಅನಿಲದ ಟ್ಯಾಂಕನ್ನು ಪೂರ್ತಿ ತುಂಬುವಂತಿಲ್ಲ. ಬಿಸಿಲಿಗೆ ದ್ರವ ಉಬ್ಬುತ್ತದೆ. 55 ಡಿಗ್ರಿ ಸೆಲ್ಸಿಯಸ್ ಏರಿದರೂ ಟ್ಯಾಂಕಿನಲ್ಲಿ ಖಾಲಿ ಜಾಗ ಉಳಿಯುವಷ್ಟನ್ನೇ ತುಂಬಬೇಕು ಎಂಬುದು ನಿಯಮ. ಇದನ್ನು ಮೀರಿದರೆ ಏನಾಗುತ್ತದೆಂಬುದಕ್ಕೆ ಸ್ಪೇನಿನ ಲಾಸ್ ಆಲ್ಫಾಕೆಸ್ ದುರಂತವನ್ನು ಇಂದಿಗೂ ಪಾಠ ಮಾಡುತ್ತಾರೆ. 1978ರ ಜುಲೈ 11ರಂದು ಮಿತಿಮೀರಿ ತುಂಬಿದ್ದ ಪ್ರೊಪಿಲೀನ್ ಟ್ಯಾಂಕರು ಕಡಲತೀರದ ಪ್ರವಾಸಿ ಬಿಡಾರದ ಪಕ್ಕದಲ್ಲಿ ಒಡೆದು 200ಕ್ಕೂ ಹೆಚ್ಚು ಜನ ಸತ್ತರು. 19 ಟನ್ ಚಿಲ್ಲರೆಯ ಮಿತಿಯಿದ್ದ ಟ್ಯಾಂಕಿನಲ್ಲಿ 23 ಟನ್ನಿಗೂ ಹೆಚ್ಚು ಸರಕಿತ್ತು, ಒತ್ತಡ ಇಳಿಸುವ ಕವಾಟವಿರಲಿಲ್ಲ.

ಭಾರತದ ಬುಲೆಟ್ ಟ್ಯಾಂಕರುಗಳಿಗೆ ಒತ್ತಡ ಇಳಿಸುವ ಕವಾಟವೂ ಇದೆ, ಹರಿವು ಒಮ್ಮೆಲೇ ಹೆಚ್ಚಿದರೆ ತಾನಾಗಿ ಮುಚ್ಚಿಕೊಳ್ಳುವ ಕವಾಟವೂ ಇದೆ. ಎರಡಕ್ಕೂ ಮಿತಿಯಿದೆ. ಮೊದಲನೆಯದು ಟ್ಯಾಂಕರು ನೆಟ್ಟಗೆ ನಿಂತಾಗ ಮೇಲ್ಭಾಗದಲ್ಲಿದ್ದು ಆವಿಯನ್ನು ಬಿಡುತ್ತದೆ. ಟ್ಯಾಂಕರು ಮಗುಚಿದರೆ ಅದೇ ಕವಾಟ ದ್ರವದ ಮಟ್ಟಕ್ಕಿಂತ ಕೆಳಗೆ ಬರುತ್ತದೆ. ಎರಡನೆಯದು ಪೈಪು ಪೂರ್ತಿ ಕಿತ್ತುಹೋದರೆ ಮುಚ್ಚುತ್ತದೆ. ಬಿರುಕು ಸಣ್ಣದಾದರೆ ಹರಿವು ಆ ಮಟ್ಟ ಮುಟ್ಟದೆ ಕವಾಟ ತೆರೆದೇ ಇರುತ್ತದೆ.

ಕಾನೂನು

ಒಂದೇ ಟ್ಯಾಂಕರಿಗೆ ಭಾರತದಲ್ಲಿ ಹಲವು ಒಡೆಯರು. ಟ್ಯಾಂಕಿನ ಚಿಪ್ಪು 1898ರಲ್ಲಿ ಶುರುವಾದ ಸ್ಫೋಟಕಗಳ ಇಲಾಖೆಯದು. ಇಂದು ‘ಪೆಸೊ’ ಎಂದು ಕರೆಸಿಕೊಳ್ಳುವ ಅದರ ಕೇಂದ್ರ ಕಚೇರಿ ನಾಗಪುರದಲ್ಲಿದೆ. 1884ರ ಸ್ಫೋಟಕಗಳ ಕಾಯ್ದೆ, 1934ರ ಪೆಟ್ರೋಲಿಯಂ ಕಾಯ್ದೆ ಮತ್ತು ಅವುಗಳಡಿಯ ನಿಯಮಗಳಂತೆ ಟ್ಯಾಂಕಿನ ವಿನ್ಯಾಸ, ಪರೀಕ್ಷೆ, ಪರವಾನಗಿ ನೋಡಿಕೊಳ್ಳುವುದು ಅದರ ಕೆಲಸ. ಚಕ್ರ ಮತ್ತು ಲೈಸೆನ್ಸು ಸಾರಿಗೆ ಇಲಾಖೆಯವು. ಒಳಗಿನ ರಾಸಾಯನಿಕ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 1989ರ ನಿಯಮಗಳಿಗೆ ಸೇರುತ್ತದೆ. ಚಾಲಕನ ದುಡಿಮೆಯ ಗಂಟೆಗಳು ಕಾರ್ಮಿಕ ಇಲಾಖೆಯವು. ಇವುಗಳಲ್ಲಿ ಕೆಲವು ಭೋಪಾಲ ದುರಂತದ ನಂತರದ ಐದಾರು ವರ್ಷಗಳಲ್ಲಿ ರೂಪುಗೊಂಡವು. ಭೋಪಾಲದ್ದು ಕಾರ್ಖಾನೆಯ ದುರಂತವಾದ್ದರಿಂದಲೋ ಏನೋ, ಅವುಗಳ ಗಮನ ರಸ್ತೆಗಿಂತ ಕಾರ್ಖಾನೆಯ ಕಡೆಗೇ ಹೆಚ್ಚು.

ರಸ್ತೆಯ ಮಟ್ಟಿಗೆ ಮುಖ್ಯವಾದದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 129ರಿಂದ 137ರವರೆಗಿನ ನಿಯಮಗಳು. ಸರಕಿನ ಪೂರ್ಣ ವಿವರವನ್ನು ಸಾಗಣೆದಾರನಿಗೆ ಕೊಡುವುದು ಕಳಿಸುವವನ ಹೊಣೆ. ವಾಹನ ಆ ಸರಕಿಗೆ ತಕ್ಕುದಾಗಿದೆಯೇ ಎಂದು ನೋಡುವುದು ಮಾಲೀಕನ ಹೊಣೆ. ಲಿಖಿತ ಸೂಚನೆಯನ್ನು ಕ್ಯಾಬಿನ್‌ನಲ್ಲಿ ಇಟ್ಟುಕೊಳ್ಳುವುದು, ಅವಘಡವಾದರೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸುವುದು ಚಾಲಕನ ಹೊಣೆ. ಈ ಲಿಖಿತ ಸೂಚನೆಯನ್ನು ಬಳಕೆಯಲ್ಲಿ ‘ಟ್ರೆಮ್ ಕಾರ್ಡ್’ ಎನ್ನುತ್ತಾರೆ. ಕಾಗದದ ಮಟ್ಟಿಗೆ ಈ ನಿಯಮಗಳು ಬೇರೆ ದೇಶಗಳ ನಿಯಮಗಳಿಗಿಂತ ತೀರಾ ಹಿಂದೆ ಬಿದ್ದಿಲ್ಲ.

ಫಲಕ

ಟ್ಯಾಂಕರಿನ ಎರಡು ಪಕ್ಕ ಮತ್ತು ಹಿಂಬದಿಯಲ್ಲಿರುವ ತುರ್ತು ಮಾಹಿತಿ ಫಲಕವನ್ನು ಹತ್ತಿರದಿಂದ ನೋಡಬೇಕು. ಸರಕಿನ ಹೆಸರು, ವಿಶ್ವಸಂಸ್ಥೆಯ ಸಂಖ್ಯೆ, ವರ್ಗದ ವಜ್ರಾಕಾರದ ಚಿತ್ರ, ಪೊಲೀಸು ಮತ್ತು ಅಗ್ನಿಶಾಮಕ ಠಾಣೆಯ ದೂರವಾಣಿ, ಕಳಿಸಿದವರ ಹಾಗೂ ತಜ್ಞರ ದೂರವಾಣಿ ಅದರಲ್ಲಿರುತ್ತವೆ. ಜೊತೆಗೆ ‘ಹ್ಯಾಜ್‌ಕೆಮ್’ ಎಂಬ ಎರಡು ಮೂರು ಅಕ್ಷರದ ಸಂಕೇತ. ಪೆಟ್ರೋಲಿನದು 3ವೈಇ. ಮೊದಲ ಅಂಕಿ ಏನು ಬಳಸಬೇಕೆಂದು ಹೇಳುತ್ತದೆ: 1 ಎಂದರೆ ನೀರಿನ ಧಾರೆ, 2 ನೀರಿನ ತುಂತುರು, 3 ನೊರೆ, 4 ಒಣಪುಡಿ. ನಡುವಿನ ‘ವೈ’ ಅಕ್ಷರ ಸಿಡಿಯುವ ಸಂಭವವಿದೆ, ಉಸಿರಾಟದ ಸಾಧನ ತೊಡಿ, ಚೆಲ್ಲಿದ್ದನ್ನು ಚರಂಡಿಗೆ ತೊಳೆದುಬಿಡದೆ ತಡೆದಿಡಿ ಎನ್ನುತ್ತದೆ. ಕೊನೆಯ ‘ಇ’ ಜನರನ್ನು ತೆರವುಗೊಳಿಸುವ ಬಗ್ಗೆ ಯೋಚಿಸಿ ಎನ್ನುತ್ತದೆ. ಗಂಧಕಾಮ್ಲದ 2ಪಿ ಇದಕ್ಕೆ ತಿರುಗುಮುರುಗು: ತುಂತುರು ಬಳಸಿ, ಪೂರ್ಣ ರಕ್ಷಾಕವಚ ತೊಡಿ, ಧಾರಾಳ ನೀರಿನಲ್ಲಿ ತೆಳುವಾಗಿಸಿ.

ಬ್ರಿಟನ್ನಿನ ಅಗ್ನಿಶಾಮಕ ದಳದಲ್ಲಿ ಹುಟ್ಟಿದ ಈ ಸಂಕೇತ ಜಾಣತನದ್ದು. ಓದಬಲ್ಲವನು ಮೂರು ಅಕ್ಷರದಲ್ಲಿ ಒಂದು ಪುಟದಷ್ಟು ತಿಳಿಯುತ್ತಾನೆ. ಆದರೆ ಮೊದಲ ಹದಿನೈದು ನಿಮಿಷ ಅದನ್ನು ಓದಬಲ್ಲವರು ಅಲ್ಲಿರುವುದಿಲ್ಲ. ಅಲ್ಲಿರುವವರು ಹೋಟೆಲಿನವರು, ಆಟೋದವರು, ಬಸ್ಸಿಗೆ ಕಾಯುತ್ತಿದ್ದವರು, ಫಲಕವಿರುವುದು ಇಂಗ್ಲಿಷಿನಲ್ಲಿ. ಮಣ್ಣು ಮೆತ್ತಿದ, ಬಣ್ಣ ಎದ್ದ, ಹಿಂದಿನ ಸರಕಿನ ಸಂಖ್ಯೆಯನ್ನೇ ಹೊತ್ತುಕೊಂಡ ಫಲಕಗಳೂ ಇರುತ್ತವೆ. ಟ್ಯಾಂಕರು ಆ ಮಗ್ಗುಲಿಗೇ ಮಗುಚಿದರೆ ಫಲಕ ನೆಲಕ್ಕೆ ಮುಖ ಮಾಡಿರುತ್ತದೆ.

ಮಾಹಿತಿಯೇ ಇಲ್ಲವೆಂದಲ್ಲ. 2018ರ ಏಪ್ರಿಲ್‌ನಿಂದ ರಾಜ್ಯದ ಗಡಿ ದಾಟುವ 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಕಡ್ಡಾಯವಾಗಿದೆ. ಒಂದು ಟ್ಯಾಂಕರ್ ಆಮ್ಲವೋ ದ್ರಾವಕವೋ ಹೊರಟಾಗ ಅದರ ವಾಹನ ಸಂಖ್ಯೆ, ಸರಕಿನ ಸಂಕೇತ, ಹೊರಟ ಊರು, ಸೇರುವ ಊರು ಎಲ್ಲವೂ ಸರ್ಕಾರದ ಕಂಪ್ಯೂಟರಿನಲ್ಲಿ ಇರುತ್ತವೆ. ತೆರಿಗೆ ವಸೂಲಿಗೆಂದು ಕಟ್ಟಿದ ಈ ವ್ಯವಸ್ಥೆಯ ಉದ್ದೇಶ ದಾರಿಯ ಅಗ್ನಿಶಾಮಕ ಠಾಣೆಗಳಿಗೆ ಸುದ್ದಿ ಮುಟ್ಟಿಸುವುದಲ್ಲ.

ಚಾಲಕ

ಅಪಾಯಕಾರಿ ಸರಕಿನ ವಾಹನ ಓಡಿಸುವವನು ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಬಲ್ಲವನಾಗಿರಬೇಕು, ಮೂರು ದಿನದ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ಷರಾ ಹಾಕಿಸಿಕೊಂಡಿರಬೇಕು. ಈ ಲೈಸೆನ್ಸನ್ನು ಮೊದಲು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅದನ್ನು ಮೂರು ವರ್ಷಕ್ಕೆ ಏರಿಸಿತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯನ್ನು ಗೊತ್ತುಮಾಡಿತ್ತು. ಆದರೆ ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಎಣಿಸುವಾಗ ಈ ಗಂಟೆಗಳನ್ನು ನೋಡುವವರು ಕಡಿಮೆ. ಮಂಗಳೂರಿನಿಂದ ಹೊರಟ ಅನಿಲದ ಟ್ಯಾಂಕರಿನ ಮಾಲೀಕ ತಮಿಳುನಾಡಿನ ನಾಮಕ್ಕಲ್‌ನವನಿರಬಹುದು. ದಕ್ಷಿಣ ಭಾರತದ ಬುಲೆಟ್ ಟ್ಯಾಂಕರು ಉದ್ಯಮದ ತವರು ಅದು. ಚಾಲಕ ಇನ್ನೊಂದು ರಾಜ್ಯದವನು. ಮಗುಚಿದ ಟ್ಯಾಂಕರಿನಿಂದ ತೆವಳಿ ಹೊರಬಂದು, ಒಲೆ ಆರಿಸಿ ಎಂದು ಊರಿನವರಿಗೆ ಅವನು ಯಾವ ಭಾಷೆಯಲ್ಲಿ ಕೂಗಬೇಕು?

ಟ್ಯಾಂಕರು ಪಲ್ಟಿಯಾದಾಗ ಚಾಲಕ ಓಡಿಹೋದ ಎಂಬ ಸಾಲು ಪತ್ರಿಕೆಗಳಲ್ಲಿ ಮಾಮೂಲು. ಜನರ ಏಟಿಗೆ ಹೆದರಿ ಓಡುವುದೇ ಹೆಚ್ಚು. ಸರಕೇನೆಂದು ಗೊತ್ತಿರುವ ಒಬ್ಬನೇ ಮನುಷ್ಯ ಹಾಗೆ ಸ್ಥಳದಿಂದ ಮಾಯವಾಗುತ್ತಾನೆ.

ದುರಂತಗಳು

ಮಗುಚಿದ ಅನಿಲ ಟ್ಯಾಂಕರು ಏನು ಮಾಡಬಲ್ಲದೆಂಬ ಪಾಠವನ್ನು ಕರಾವಳಿಯ ಹೆದ್ದಾರಿಗಳು ಮತ್ತೆ ಮತ್ತೆ ಕಲಿತಿವೆ. 2012ರ ಆಗಸ್ಟ್ 27ರ ರಾತ್ರಿ, ಮಂಗಳೂರಿನಿಂದ ಕೋಯಿಕ್ಕೋಡಿನತ್ತ ಹೊರಟಿದ್ದ ಅನಿಲ ಟ್ಯಾಂಕರು ಕಣ್ಣೂರು ಬಳಿಯ ಚಾಲಾದಲ್ಲಿ ರಸ್ತೆ ವಿಭಜಕಕ್ಕೆ ಬಡಿದು ಮಗುಚಿತು. ಸೋರಿದ ಅನಿಲ ಮನೆಗಳ ನಡುವೆ ಹರಡಿ ಹೊತ್ತಿಕೊಂಡು 20 ಜನ ಸತ್ತರು. 2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ ಹಾಡಹಗಲೇ ಅದೇ ಬಗೆಯ ಅನಾಹುತವಾಯಿತು. ರಸ್ತೆಬದಿಯ ಮನೆಗಳು ಜನರ ಸಮೇತ ಸುಟ್ಟವು. 2015ರ ಸೆಪ್ಟೆಂಬರಿನಲ್ಲಿ ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಬರ್ಗಿ ಅದನ್ನು ಕಂಡಿತು. ಕರಾವಳಿಯಿಂದ ದೂರದಲ್ಲೂ ಇದು ತಪ್ಪಿಲ್ಲ: 2024ರ ಡಿಸೆಂಬರ್ 20ರ ಮುಂಜಾನೆ ಜೈಪುರದ ಭಾಂಕ್ರೋಟಾದಲ್ಲಿ ಯು-ತಿರುವು ತೆಗೆದುಕೊಳ್ಳುತ್ತಿದ್ದ ಅನಿಲ ಟ್ಯಾಂಕರಿಗೆ ಲಾರಿ ಗುದ್ದಿತು. ನಳಿಕೆಗಳು ಮುರಿದು ಹರಡಿದ ಅನಿಲ ಹೊತ್ತಿಕೊಂಡಾಗ ಹಿಂದೆಮುಂದಿದ್ದ ಬಸ್ಸು, ಲಾರಿ, ಕಾರುಗಳೆಲ್ಲ ಅದರೊಳಗಿದ್ದವು. ಸತ್ತವರು ಸುಮಾರು 20.

ಚೆಲ್ಲಿದ ತೈಲ ಬಾಚಿಕೊಳ್ಳಲು ಜನ ಮುತ್ತುವುದು ಬೇರೆಯೇ ಬಗೆಯ ಅಪಾಯ. ಪಾಕಿಸ್ತಾನದ ಬಹಾವಲ್ಪುರ ಜಿಲ್ಲೆಯಲ್ಲಿ 2017ರ ಜೂನ್ 25ರಂದು ಮಗುಚಿದ ಟ್ಯಾಂಕರಿನ ಸುತ್ತ ಬಿಂದಿಗೆ, ಬಾಟಲಿ ಹಿಡಿದು ನೆರೆದಿದ್ದವರಲ್ಲಿ 200ಕ್ಕೂ ಹೆಚ್ಚು ಮಂದಿ ಸುಟ್ಟು ಸತ್ತರು. ನಮ್ಮ ಹೆದ್ದಾರಿಗಳಲ್ಲೂ ಕ್ಯಾನು ಹಿಡಿದು ಓಡುವ ದೃಶ್ಯ ಅಪರೂಪವಲ್ಲ. ಬಡತನವನ್ನೋ ದುರಾಸೆಯನ್ನೋ ದೂರಿ ಮುಗಿಸುವಷ್ಟು ಇದು ಸರಳವಲ್ಲ. ಪೆಟ್ರೋಲಿನ ಆವಿ ಕಣ್ಣಿಗೆ ಕಾಣದು ಎಂಬುದೂ ಇದರಲ್ಲಿ ಸೇರಿದೆ.

ಎಲ್ಲ ಟ್ಯಾಂಕರೂ ಹೊತ್ತಿಕೊಳ್ಳುವುದಿಲ್ಲ. ಮಗುಚಿಯೂ ಸೋರದ, ಅಥವಾ ಸಣ್ಣಗೆ ಸೋರುವ ಪ್ರಕರಣಗಳೇ ಜಾಸ್ತಿ. ಆಗ ನಡೆಯುವ ಕೆಲಸ ನಿಧಾನದ್ದು. ಎರಡೂ ಕಡೆ ವಾಹನ ತಡೆಯುತ್ತಾರೆ. ಮೆಸ್ಕಾಂಗೋ ಹೆಸ್ಕಾಂಗೋ ಹೇಳಿ ಊರಿನ ಕರೆಂಟು ತೆಗೆಸುತ್ತಾರೆ. ಒಲೆ ಹಚ್ಚಬೇಡಿ, ಮೊಬೈಲು ಮುಟ್ಟಬೇಡಿ ಎಂದು ಮೈಕಿನಲ್ಲಿ ಸಾರುತ್ತಾರೆ. ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ ಜನರನ್ನು ಎದುರು ದಿಕ್ಕಿಗೆ ಕಳಿಸುತ್ತಾರೆ. ತೈಲ ಕಂಪನಿಯ ತುರ್ತು ವಾಹನ ಬಂದ ಮೇಲೆ ಎರಡೂ ಟ್ಯಾಂಕರುಗಳಿಗೆ ಅರ್ಥಿಂಗ್ ಕೊಟ್ಟು, ಹೋಸ್ ಜೋಡಿಸಿ, ಅನಿಲವನ್ನು ಖಾಲಿ ಟ್ಯಾಂಕರಿಗೆ ವರ್ಗಾಯಿಸುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಈ ಕೆಲಸದ ಉದ್ದಕ್ಕೂ ಅಗ್ನಿಶಾಮಕ ದಳ ಟ್ಯಾಂಕಿನ ಮೈಮೇಲೆ ನೀರು ಬಿಡುತ್ತಿರುತ್ತದೆ. ಕ್ರೇನ್ ಬರುವುದು ಕೊನೆಯಲ್ಲಿ. ತುಂಬಿದ ಟ್ಯಾಂಕನ್ನು ಎತ್ತಲು ಹೊರಡುವುದು ಅವಸರದ ತಪ್ಪುಗಳಲ್ಲಿ ದೊಡ್ಡದು.

ಪರಿಹಾರ ಯಾರ ಹೊಣೆ ಎಂಬ ಜಗಳ ನಂತರ ಶುರುವಾಗುತ್ತದೆ. ದೆಹಲಿಯ ಶ್ರೀರಾಮ್ ಕಾರ್ಖಾನೆಯಲ್ಲಿ 1985ರ ಡಿಸೆಂಬರ್ 4ರಂದು ಓಲಿಯಮ್ ಎಂಬ ಹೊಗೆಯಾಡುವ ಗಂಧಕಾಮ್ಲ ಸೋರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಪಾಯಕಾರಿ ಉದ್ಯಮ ನಡೆಸುವವನು ಯಾವ ವಿನಾಯಿತಿಯೂ ಇಲ್ಲದೆ ಹಾನಿ ತುಂಬಿಕೊಡಬೇಕು ಎಂದಿತು. 1991ರ ಸಾರ್ವಜನಿಕ ಹೊಣೆ ವಿಮೆ ಕಾಯ್ದೆ ತಪ್ಪು ಯಾರದೆಂದು ಸಾಬೀತುಪಡಿಸದೆಯೇ ತುರ್ತು ಪರಿಹಾರ ಸಿಗುವಂತೆ ಮಾಡಿತು. ವಾಹನದಲ್ಲಿ ಸಾಗಿಸುವುದೂ ಅದರ ವ್ಯಾಪ್ತಿಗೆ ಬರುತ್ತದೆ. ಆಗ ಸಾವಿಗೆ ಗೊತ್ತುಪಡಿಸಿದ ಮೊತ್ತ 25,000 ರೂಪಾಯಿ. ಕಾರ್ಖಾನೆಯ ವಿಳಾಸ ಬದಲಾಗದು, ಟ್ಯಾಂಕರಿನ ವಿಷಯದಲ್ಲಿ ಕಳಿಸಿದವನು ಸಾಗಣೆದಾರನ ಕಡೆಗೂ ಸಾಗಣೆದಾರ ಕಳಿಸಿದವನ ಕಡೆಗೂ ಕೈ ತೋರಿಸುತ್ತಾರೆ.

ಇಳಿಸಿದ ಮೇಲೆ

ಸರಕು ಇಳಿಸಿದ ಟ್ಯಾಂಕರು ಸುರಕ್ಷಿತ ಎಂಬ ನಂಬಿಕೆಯೇ ಅನೇಕರ ಪ್ರಾಣ ತೆಗೆದಿದೆ. ತುಂಬಿದ ಪೆಟ್ರೋಲ್ ಟ್ಯಾಂಕಿನೊಳಗೆ ಗಾಳಿಗೆ ಜಾಗವೇ ಕಡಿಮೆ. ಖಾಲಿಯಾದದ್ದರಲ್ಲಿ ಆವಿಯೂ ಗಾಳಿಯೂ ಸ್ಫೋಟಕ್ಕೆ ಹದವಾಗಿ ಬೆರೆತಿರಬಹುದು. ಅಂಥದಕ್ಕೆ ವೆಲ್ಡಿಂಗ್ ಮಾಡಲು ಕೂತವನಿಗೆ ಎರಡನೆಯ ಅವಕಾಶ ಸಿಗುವುದಿಲ್ಲ. ಗಂಧಕಾಮ್ಲದ ಟ್ಯಾಂಕಿನದು ಇನ್ನೂ ಮೋಸದ ಕತೆ. ಸಾಂದ್ರ ಆಮ್ಲ ಉಕ್ಕನ್ನು ಹೆಚ್ಚೇನೂ ಮಾಡದು. ತೊಳೆಯಲೆಂದು ನೀರು ಬಿಟ್ಟಾಗ ತಳದಲ್ಲಿ ಉಳಿದ ಆಮ್ಲ ತೆಳುವಾಗಿ ಉಕ್ಕನ್ನು ಕೊರೆಯತೊಡಗುತ್ತದೆ, ಜಲಜನಕ ಹುಟ್ಟುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಟ್ಯಾಂಕಿನೊಳಗೆ ಇಳಿದು ಉಸಿರುಗಟ್ಟಿ ಬಿದ್ದವನನ್ನು ಎತ್ತಲು ಇಳಿದ ಎರಡನೆಯವನೂ ಸಾಯುವುದು ಈ ಉದ್ಯೋಗದಲ್ಲಿ ಎಲ್ಲರೂ ಬಲ್ಲ ಸಂಗತಿ.

ಟ್ಯಾಂಕರು ತ್ಯಾಜ್ಯದ ಗಾಡಿಯಾಗುವುದೂ ಉಂಟು. 2022ರ ಜನವರಿ 6ರ ಬೆಳಗಿನ ಜಾವ ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರೊಂದು ರಾಸಾಯನಿಕ ತ್ಯಾಜ್ಯವನ್ನು ಕದ್ದು ಚರಂಡಿಗೆ ಬಿಡುತ್ತಿದ್ದಾಗ ವಿಷಾನಿಲ ಎದ್ದು ಪಕ್ಕದ ಗಿರಣಿಯ ಆರು ಕಾರ್ಮಿಕರು ಸತ್ತರು. ಅಪಾಯಕಾರಿ ತ್ಯಾಜ್ಯದ ಸಾಗಣೆಗೆ 2016ರ ನಿಯಮಗಳು ಏಳು ಬಣ್ಣದ ಏಳು ಪ್ರತಿಗಳ ಪತ್ರವನ್ನು ಕಡ್ಡಾಯ ಮಾಡಿವೆ. ಸರಕು ಸೇರಬೇಕಾದಲ್ಲಿ ಸೇರಿತೆಂದು ಒಂದು ಪ್ರತಿ ಕಳಿಸಿದವನಿಗೆ ಮರಳಬೇಕು. ಕದ್ದು ಸುರಿಯುವವನಿಗೆ ಆ ಪತ್ರವೇ ಬೇಡ.

ಕೊಳವೆ ಮತ್ತು ರಸ್ತೆ

ರಸ್ತೆಯ ಭಾರ ಇಳಿಸುವ ನೇರ ದಾರಿ ಕೊಳವೆ ಮಾರ್ಗ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರು ಬಳಿಯ ದೇವನಗೊಂದಿಗೆ 2003ರಲ್ಲಿ ತೈಲದ ಕೊಳವೆ ಬಂದಾಗ ಶಿರಾಡಿಯಲ್ಲಿ ಪೆಟ್ರೋಲ್, ಡೀಸೆಲ್ ಟ್ಯಾಂಕರುಗಳ ಸಾಲು ಕರಗಿತು. ನಂತರ ಮಂಗಳೂರಿನಿಂದ ಹಾಸನ, ಮೈಸೂರು ಹಾಗೂ ಸೋಲೂರು ಕಡೆಗೆ ಅಡುಗೆ ಅನಿಲದ್ದೇ ಕೊಳವೆ ಬಂತು. ಉತ್ತರದಲ್ಲಿ ಕಾಂಡ್ಲಾದಿಂದ ಗೋರಖಪುರಕ್ಕೆ ಸುಮಾರು 2,800 ಕಿ.ಮೀ. ಉದ್ದದ ಅಡುಗೆ ಅನಿಲ ಮಾರ್ಗದ ಯೋಜನೆ ಕೈಗೆತ್ತಿಕೊಂಡದ್ದು ಇದೇ ಕಾರಣಕ್ಕೆ. ರೈಲು ಮತ್ತು ರಸ್ತೆ ಕೂಡಿ ಕೆಲಸ ಮಾಡಬಹುದೆಂಬುದನ್ನು 2021ರ ಕೋವಿಡ್ ಎರಡನೆಯ ಅಲೆ ತೋರಿಸಿತು. ಮೈನಸ್ 183 ಡಿಗ್ರಿಯಲ್ಲಿ ದ್ರವವಾಗುವ ಆಮ್ಲಜನಕಕ್ಕೆ ಟ್ಯಾಂಕರು ಸಾಲದೆ ಸಾರಜನಕ, ಆರ್ಗಾನ್ ಟ್ಯಾಂಕರುಗಳನ್ನು ಮಾರ್ಪಡಿಸಿದರು. ಮೇ ತಿಂಗಳಲ್ಲಿ ಜಮ್‌ಶೆಡ್‌ಪುರದಿಂದ ಹೊರಟ ರೈಲು ಆಮ್ಲಜನಕದ ಕಂಟೇನರುಗಳನ್ನು ಬೆಂಗಳೂರಿನ ವೈಟ್‌ಫೀಲ್ಡ್‌ಗೆ ತಂದಿಳಿಸಿತು; ಅಲ್ಲಿಂದ ಮುಂದೆ ಮತ್ತೆ ರಸ್ತೆ.

ಕೊಳವೆ ಹಾಕಬೇಕಾದರೆ ಒಂದೇ ದಾರಿಯಲ್ಲಿ ಒಂದೇ ವಸ್ತು ವರ್ಷವಿಡೀ ದೊಡ್ಡ ಪ್ರಮಾಣದಲ್ಲಿ ಹರಿಯಬೇಕು. ತೈಲ ಮತ್ತು ಅಡುಗೆ ಅನಿಲಕ್ಕೆ ಆ ಲೆಕ್ಕ ಕೂಡಿಬರುತ್ತದೆ. ಹದಿನೈದಿಪ್ಪತ್ತು ಟನ್ನಿನ ಕಂತಿನಲ್ಲಿ ಇಂದು ನಂಜನಗೂಡಿಗೆ, ನಾಳೆ ರಾಯಚೂರಿಗೆ ಹೋಗುವ ಆಮ್ಲ, ಕ್ಷಾರ, ದ್ರಾವಕಗಳಿಗೆ ಬರುವುದಿಲ್ಲ. ಅವು ಟ್ಯಾಂಕರಿನಲ್ಲೇ ಹೋಗುತ್ತವೆ.